ಲ್ಯಾಪ್‌ಟಾಪ್ ಎಂದು ಬರೆಯಲು ಬೇಕಾದ ಕೀಲಿ

ಕಳೆದ ಜೂನ್‌ನಲ್ಲಿ ಕಚೇರಿಯವರು ನನ್ನ ನಾಲ್ಕು ವರ್ಷದ ಲ್ಯಾಪ್‌ಟಾಪನ್ನು ವಾಪಸ್ ತೆಗೆದುಕೊಂಡು ಹೊಸದೊಂದನ್ನು ಕೊಟ್ಟರು. ಹದಿನಾಲ್ಕು ಇಂಚಿನ ಪರದೆ, ಹಗುರ, ಮಿಂಚದ ಕಪ್ಪು ಮೈ. ಪರದೆಯನ್ನು ಹಿಂದಕ್ಕೆ ಪೂರ್ತಿ ಮಲಗಿಸಬಹುದು. ಕ್ಯಾಮೆರಾ ಮುಚ್ಚಲು ಸಣ್ಣ ಪರದೆಯಿದೆ. ಚಾರ್ಜರ್ ಚುಚ್ಚಲು ಇರುವ ಎರಡೂ ತೂತು ಒಂದೇ ಬದಿಗೆ. ನನ್ನ ಮನೆಯ ಪ್ಲಗ್ ಇರುವುದು ಇನ್ನೊಂದು ಬದಿಗೆ. ಸಯನ್ನಿನ ಮಳೆಗಾಲದ ತೇವಕ್ಕೆ ಟಚ್‌ಪ್ಯಾಡ್ ಮೇಲೆ ಬೆರಳು ಅಂಟಿದಂತಾಗಿ ಕರ್ಸರ್ ತಾನಾಗಿ ಎಲ್ಲಿಗೋ ಓಡುತ್ತದೆ. ಹಳೆಯದರಲ್ಲಿ ಎಡತುದಿಯಲ್ಲಿ ಎಫ್‌ಎನ್ ಕೀಲಿ ಇತ್ತು, ಇದರಲ್ಲಿ ಆ ಜಾಗಕ್ಕೆ ಕಂಟ್ರೋಲ್ ಬಂದಿದೆ. ಎರಡು ವಾರ ಕಾಪಿ ಮಾಡಲು ಹೋದಾಗಲೆಲ್ಲ ಏನೂ ಕಾಪಿ ಆಗಲಿಲ್ಲ. ಇವೆಲ್ಲ ಹೊಂದಿಕೊಳ್ಳುವಂಥವೇ. ಹೊಂದಿಕೊಳ್ಳಲಾಗದ್ದು ಬಲಗಡೆಯದು.

ಬಲಗಡೆಯ ಕಂಟ್ರೋಲ್ ಕೀಲಿಯೇ ಇಲ್ಲ. ಅದರ ಜಾಗದಲ್ಲಿ ಎಐ ಸಹಾಯಕನನ್ನು ಕರೆಯುವ ಕೀಲಿಯೊಂದನ್ನು ಕೂರಿಸಿದ್ದಾರೆ. 2024ರ ಆರಂಭದಲ್ಲಿ ಘೋಷಣೆಯಾಗಿ ಈಗ ಬಹುತೇಕ ಹೊಸ ವಿಂಡೋಸ್ ಯಂತ್ರಗಳಲ್ಲಿ ಬರುತ್ತಿರುವ ಕೀಲಿ ಇದು. ಇಂಗ್ಲಿಷ್ ಬರೆಯುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಬಲಗಡೆಯ ಕಂಟ್ರೋಲ್ ಒತ್ತುವವರು ಎಷ್ಟು ಜನ?

ನಾನು ಒತ್ತುತ್ತಿದ್ದೆ. ರಾತ್ರಿ ಹತ್ತರ ಮೇಲೆ, ಪ್ರಾಜೆಕ್ಟಿನ ಕರೆಗಳೆಲ್ಲ ಮುಗಿದ ಮೇಲೆ, ಅಮ್ಮ ಹೇಳುತ್ತಾ ಹೋದದ್ದನ್ನು ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಅಮ್ಮ ಕಾರ್ಕಳದಿಂದ ಮದುವೆಯಾಗಿ 1969ರಲ್ಲಿ ಸಯನ್‌ಗೆ ಬಂದವರು. ಹದಿನೈದು ವರ್ಷ ಇಲ್ಲಿದ್ದು, ಅಪ್ಪನ ಹೋಟೆಲ್ ಕೆಲಸ ಹೋದ ಮೇಲೆ ನಮ್ಮನ್ನು ಕರೆದುಕೊಂಡು ಊರಿಗೆ ಮರಳಿದರು. ಈಗ ಎಪ್ಪತ್ತೇಳರಲ್ಲಿ ಮತ್ತೆ ಇಲ್ಲೇ, ನನ್ನ ಜೊತೆಗೆ. ಅವರ ಆ ಹದಿನೈದು ವರ್ಷ ಎಲ್ಲೂ ಬರೆದಿಲ್ಲ. ಮೊಮ್ಮಗಳಿಗಾದರೂ ಇರಲಿ ಎಂದು ಶುರುಮಾಡಿದ ಕೆಲಸ.

ಹೊಸ ಯಂತ್ರದಲ್ಲಿ ಮೊದಲ ರಾತ್ರಿ ಕೂತು, ಪರೀಕ್ಷೆಗೆಂದು ‘ಲ್ಯಾಪ್‌ಟಾಪ್’ ಎಂದು ಟೈಪ್ ಮಾಡಿದೆ. ‘ಲ್ಯಾಪ್’ವರೆಗೆ ಬಂದು, ಬಲಗೈ ಅಭ್ಯಾಸದಂತೆ ಕಂಟ್ರೋಲ್ ಮತ್ತು ಶಿಫ್ಟ್ ಮೇಲೆ, ಎಡಗೈ ಎರಡರ ಮೇಲೆ. ಪಕ್ಕದಲ್ಲಿ ಒಂದು ಕಿಟಕಿ ತೆರೆದುಕೊಂಡಿತು: ನಿಮಗೆ ಇವತ್ತು ಹೇಗೆ ಸಹಾಯ ಮಾಡಲಿ?

ಆ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಹುಟ್ಟುವುದು ಒಂದು ಕಾಣದ ಅಕ್ಷರ. ಅಗಲ ಸೊನ್ನೆ, ಕೆಲಸ ಒಂದೇ, ಎರಡು ವ್ಯಂಜನಗಳನ್ನು ಅಂಟದಂತೆ ತಡೆಯುವುದು. ಅದಿಲ್ಲದೆ ಬರೆದರೆ ‘ಲ್ಯಾಪ್ಟಾಪ್’ ಆಗುತ್ತದೆ, ಪಕಾರದ ಕೆಳಗೆ ಟಕಾರ ಹೋಗಿ ನೇತುಬೀಳುತ್ತದೆ. ‘ಸಾಫ್ಟ್‌ವೇರ್’ಗೂ ಇದೇ ಗತಿ. ತನ್ನ ಹೆಸರನ್ನು ನೆಟ್ಟಗೆ ಬರೆಯಲು ಬೇಕಾದ ಕೀಲಿಯನ್ನೇ ಈ ಯಂತ್ರ ಕಳೆದುಕೊಂಡು ಬಂದಿತ್ತು.

ಈ ತೊಂದರೆ ಹಳೆಯದಲ್ಲ ಎಂಬುದೇ ವಿಚಿತ್ರ. ಅಚ್ಚುಮೊಳೆಯ ಕಾಲದಲ್ಲಿ ಇದು ಇರಲೇ ಇಲ್ಲ. ಮೊಳೆ ಜೋಡಿಸುವವರು ಪ್ ಬೇಕಾದರೆ ಪ್ ಮೊಳೆ ಎತ್ತಿಕೊಂಡರು, ಪಕ್ಕದಲ್ಲಿ ಟಾ ಇಟ್ಟರು, ಮುಗಿಯಿತು. ಒತ್ತಕ್ಷರ ಬೇಕಾದರೆ ಅದಕ್ಕೆ ಬೇರೆ ಮೊಳೆ. ಕನ್ನಡ ಟೈಪ್‌ರೈಟರಿನಲ್ಲೂ ಹಾಗೆಯೇ. ಕಾರ್ಕಳದಲ್ಲಿ ಅಕ್ಕ ಜೂನಿಯರ್ ಪರೀಕ್ಷೆಗೆಂದು ಟೈಪಿಂಗ್ ಕಲಿಯಲು ಹೋಗುವಾಗ ನಾನೂ ಹಿಂದೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಒತ್ತಕ್ಷರಗಳಿಗೆ ಅಲ್ಲಿ ಬೇರೆಯೇ ಕೀಲಿಗಳಿದ್ದವು. ಒತ್ತು ಹಾಕಬೇಕೋ ಬೇಡವೋ ಎಂಬ ತೀರ್ಮಾನ ಟೈಪ್ ಮಾಡುವವಳದು, ಯಂತ್ರದ್ದಲ್ಲ.

ಕಂಪ್ಯೂಟರ್ ಬಂದ ಮೇಲೆ ಆ ತೀರ್ಮಾನ ಯಂತ್ರದ ಕೈಗೆ ಹೋಯಿತು. ನಾವು ಬರೀ ಪ, ವಿರಾಮ, ಟ ಎಂದು ಕೊಟ್ಟರೆ ಸಾಕು, ಆಕಾರ ಕಟ್ಟುವುದು ಅದರ ಕೆಲಸ. ಇದು ದೊಡ್ಡ ಅನುಕೂಲ, ಸಂಶಯವಿಲ್ಲ. ಆ ಅನುಕೂಲವನ್ನು ಕನ್ನಡಕ್ಕೆ ತಂದವರಲ್ಲಿ ಮುಖ್ಯರಾದ ಒಬ್ಬರು ಮುಂಬಯಿಯಲ್ಲಿ ಕೆಲಸ ಮಾಡಿದವರು ಎಂಬುದು ನಮ್ಮಲ್ಲಿ ಎಲ್ಲರಿಗೂ ನೆನಪಿರಲಿಕ್ಕಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, 1940ರಲ್ಲಿ ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದರು. ಮುಂಬಯಿಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಮುಂದೆ ಪ್ರಭಾದೇವಿಯಲ್ಲಿದ್ದ ಟಾಟಾ ಪ್ರೆಸ್ಸಿನಲ್ಲಿ ದುಡಿದರು. ಭಾರತೀಯ ಲಿಪಿಗಳ ಕಂಪ್ಯೂಟರ್ ಅಕ್ಷರಜೋಡಣೆ ಅವರ ಕ್ಷೇತ್ರ.

ಅವರ ಹೆಚ್ಚುಗಾರಿಕೆ ಇರುವುದು ಒಂದು ಹಟದಲ್ಲಿ: ಕನ್ನಡಕ್ಕೆ ಹೊಸ ಕೀಲಿಮಣೆ ಬೇಡ, ಇಂಗ್ಲಿಷಿನ ಇಪ್ಪತ್ತಾರು ಕೀಲಿ ಸಾಕು. ಕೆ ಕೀಲಿಗೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಎಫ್ ಕೀಲಿ ವಿರಾಮ. ‘ಕನ್ನಡ’ ಎಂದು ಬರೆಯಲು ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯೂ. ಕೀಲಿಗಳ ಮೇಲೆ ಕನ್ನಡದ ಸ್ಟಿಕ್ಕರ್ ಅಂಟಿಸುವ ಅಗತ್ಯವೂ ಇಲ್ಲ. ಅವರು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಜನರಿಗೆ ಉಚಿತವಾಗಿ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಶಿಷ್ಟ ಎಂದು ಒಪ್ಪಿದ್ದೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬಂದದ್ದೂ ಇದೇ ವಿನ್ಯಾಸ, ಅಲ್ಪಸ್ವಲ್ಪ ಬದಲಾವಣೆಯೊಂದಿಗೆ. ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ನಾನು ಬಳಸುವುದೂ ಅದನ್ನೇ. ಅದರಲ್ಲಿ ಎಫ್ ಅನ್ನು ಎರಡು ಸಲ ಒತ್ತಿದರೆ ಕಾಣದ ಅಕ್ಷರ ತಾನಾಗಿ ಬಂದು ಕೂರುತ್ತದೆ. ಕಂಟ್ರೋಲಿನ ಗೊಡವೆಯೇ ಇಲ್ಲ.

ಆದರೆ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹೊರಗಿನ ತಂತ್ರಾಂಶ ಹಾಕುವಂತಿಲ್ಲ. ಇರುವುದು ವಿಂಡೋಸಿನ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಅಚ್ಚಿನಲ್ಲಿ ಮಾಡಿಸಿದ ವಿನ್ಯಾಸ ಅದು. ಒಂದು ಭಾಷೆ ಕಲಿತರೆ ಇನ್ನೊಂದರದ್ದೂ ಬಂದಂತೆ. ಸ್ಟಾಂಡರ್ಡ್ ಮಾಡುವವರ ದೃಷ್ಟಿಯಿಂದ ಇದಕ್ಕಿಂತ ಚಂದದ್ದಿಲ್ಲ. ಕನ್ನಡ ಮಾತ್ರ ಬರೆಯುವವನಿಗೆ ಸ ಎಂಬುದು ಎಮ್ ಕೀಲಿಯಲ್ಲೂ ಯ ಎಂಬುದು ಓರೆಗೆರೆಯ ಕೀಲಿಯಲ್ಲೂ ಯಾಕಿವೆ ಎಂದು ಹೇಳಿ ಒಪ್ಪಿಸುವುದು ಕಷ್ಟ. 1991ರ ಇಸ್ಕಿ ಸಂಕೇತದಲ್ಲೂ ಎರಡು ವಿರಾಮ ಒಟ್ಟಿಗೆ ಬಂದರೆ ಅಂಟಿಸಬೇಡ ಎಂದು ಅರ್ಥವಿತ್ತು. ಅದೇ ವರ್ಷ ಬಂದ ಯೂನಿಕೋಡ್ ಈ ಕೆಲಸಕ್ಕೆ ಪ್ರತ್ಯೇಕ ಕಾಣದ ಅಕ್ಷರವನ್ನು ಇಟ್ಟುಕೊಂಡಿತು. ಪಾರ್ಸಿ ಭಾಷೆ ಬರೆಯುವ ಇರಾನಿಗಳಿಗೂ ಇದು ದಿನವೂ ಬೇಕು. ಇಂಗ್ಲಿಷಿಗೆ ಬೇಡ, ಹಾಗಾಗಿ ಯಾವ ಕೀಲಿಯ ಮೇಲೂ ಅದರ ಹೆಸರಿಲ್ಲ.

ಯೂನಿಕೋಡ್ ಕನ್ನಡ ನಮ್ಮ ಪರದೆಗೆ ತಲುಪಿದ್ದು ಇನ್ನೂ ಹತ್ತು ವರ್ಷ ಕಳೆದು, 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ. ಅದರಲ್ಲಿದ್ದ ಕನ್ನಡ ಅಕ್ಷರಗಳ ಹೆಸರು ‘ತುಂಗಾ’. ಅವು ಸಿದ್ಧವಾದದ್ದೂ ಮುಂಬಯಿಯಲ್ಲೇ, ಜುಹುವಿನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದಲ್ಲಿ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ. ರಘುನಾಥ ಕೃಷ್ಣ ಜೋಶಿ (1936–2008) ಮರಾಠಿ ಕವಿ, ಕೈಬರಹದ ಕಲಾವಿದ, ಐಐಟಿಯಲ್ಲಿ ಮೇಷ್ಟ್ರು. ಹಿಂದಿ-ಮರಾಠಿಯ ‘ಮಂಗಲ್’ ಅಕ್ಷರವೂ ಅವರದೇ. ತುಂಗಾ ಅಷ್ಟೇನೂ ಸುಂದರವಲ್ಲ ಎಂದು ನಾವೆಲ್ಲ ಮೂಗು ಮುರಿದಿದ್ದೇವೆ, ನಾನೂ. ಆದರೂ 2012ರಲ್ಲಿ ವಿಂಡೋಸ್ 8ರ ಜೊತೆ ‘ನಿರ್ಮಲಾ’ ಬರುವವರೆಗೆ, ಹತ್ತು ವರ್ಷಕ್ಕೂ ಮಿಕ್ಕಿ, ನಾವು ಕಂಡ ಕನ್ನಡ ಮಿಂಚಂಚೆಗಳು ಬಹುಪಾಲು ಜುಹುವಿನ ಆ ಅಕ್ಷರಗಳಲ್ಲೇ ಇದ್ದವು.

ನನ್ನ ಕೀಲಿಗೆ ಮರಳುತ್ತೇನೆ. ಅದನ್ನು ಬದಲಾಯಿಸಲು ಹೋದಾಗ ತಿಳಿದದ್ದು: ಒತ್ತಿದರೆ ಅದು ಕಳಿಸುವುದು ಹೊಸ ಸಂಕೇತವನ್ನೇನಲ್ಲ, ವಿಂಡೋಸ್, ಶಿಫ್ಟ್, ಎಫ್ 23 ಮೂರನ್ನೂ ಒಟ್ಟಿಗೆ. ನಮ್ಮ ಕೀಲಿಮಣೆಯಲ್ಲಿ ಎಫ್ 12ಕ್ಕೆ ಮುಗಿಯುತ್ತದಲ್ಲ, ಈ ಇಪ್ಪತ್ಮೂರು ಎಲ್ಲಿಂದ? 1980ರ ದಶಕದ ಐಬಿಎಂ ಟರ್ಮಿನಲ್‌ಗಳ 122 ಕೀಲಿಗಳ ಕೀಲಿಮಣೆಯಲ್ಲಿ ಎಫ್ 24ರವರೆಗೂ ಇದ್ದವು. ಇಂದಿನ ಎಐಯನ್ನು ಕರೆಯಲು ಬಳಸುತ್ತಿರುವುದು ಆ ಕಾಲದಿಂದ ಪಟ್ಟಿಯಲ್ಲಿ ಖಾಲಿ ಉಳಿದಿದ್ದ ಒಂದು ಸಂಖ್ಯೆಯನ್ನು. ಈ ಸಂಗತಿ ಓದಿ ನನಗೆ ಬಹಳ ಖುಷಿಯಾಯಿತು, ಕೆಲಸವೇನೂ ಆಗಲಿಲ್ಲ. ಕೀಲಿ ಬದಲಾಯಿಸುವ ಉಪಕರಣ ಹಾಕಲು ಅನುಮತಿ ಬೇಕು. ಹೆಲ್ಪ್‌ಡೆಸ್ಕ್‌ಗೆ ಟಿಕೆಟ್ ಹಾಕಿದೆ. ಅದರಲ್ಲೊಂದು ಕಡ್ಡಾಯ ಕಾಲಂ: ವ್ಯವಹಾರದ ಕಾರಣ. ನನ್ನ ತಂಡದವರು ಇಂಥ ಕಾಲಂನಲ್ಲಿ ಅರೆಬರೆ ಬರೆದರೆ ವಾಪಸ್ ಕಳಿಸುವವನು ನಾನೇ. ಹತ್ತು ನಿಮಿಷ ಕೂತು ‘ಕನ್ನಡ ಬರೆಯಲು’ ಎಂದು ಇಂಗ್ಲಿಷಿನಲ್ಲಿ ಬರೆದೆ. ಮೂರನೆಯ ದಿನ ಟಿಕೆಟ್ ಮುಚ್ಚಿತು: ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆ.

“ಪಪ್ಪಾ, ಮಾತಾಡಿದ್ರೆ ಅದೇ ಟೈಪ್ ಮಾಡ್ತದಲ್ಲ, ಅಜ್ಜಿಯ ಮುಂದೆ ಮೊಬೈಲ್ ಇಟ್ಟುಬಿಡು” ಎಂದಳು ಮಗಳು. ಇಟ್ಟೆವು. ಅಮ್ಮನ ಕಾರ್ಕಳದ ಕನ್ನಡ ಅದಕ್ಕೆ ಅರ್ಧವೂ ಹಿಡಿಸಲಿಲ್ಲ. ನಡುವೆ ತುಳು ಬಂದಾಗ ಅದು ಏನೇನೋ ಬರೆದದ್ದನ್ನು ಓದಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಷ್ಟಕ್ಕೆ ಆ ಪ್ರಯೋಗ ಮುಗಿಯಿತು.

ಕೊನೆಗೆ ಒಂದು ರಾತ್ರಿ ಬೇಸತ್ತು, ಕಾಣದ ಅಕ್ಷರ ಹಾಕದೆಯೇ ಅಮ್ಮ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಾ ಹೋದೆ. ಆಮೇಲೆ ಹಳೆಯ ಪುಟಗಳನ್ನು ತೆರೆದು ಹೋಲಿಸಿದೆ. ಹಳೆಯದರಲ್ಲಿ ಎಲ್ಲ ಕಡೆ ‘ಸಯನ್‌ನಲ್ಲಿ’, ‘ಸಯನ್‌ಗೆ’, ‘ದಾದರ್‌ನಿಂದ’. ಹೊಸದರಲ್ಲಿ ‘ಸಯನ್ನಿನಲ್ಲಿ’, ‘ಸಯನ್ನಿಗೆ’, ‘ದಾದರಿನಿಂದ’. ಅಮ್ಮ ಅಂದದ್ದು ಯಾವಾಗಲೂ ಎರಡನೆಯದನ್ನೇ. ಎಂಟು ತಿಂಗಳಿಂದ ಪುಟ ಪುಟವೂ ನಾನು ಅವರ ಮಾತನ್ನು ತಿದ್ದುತ್ತಿದ್ದೆ, ತಿದ್ದುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಅಮ್ಮನದು ತಪ್ಪು ಕನ್ನಡವೂ ಅಲ್ಲ. ಊರಿನ ಹೆಸರುಗಳೆಲ್ಲ ಸ್ವರಕ್ಕೆ ಮುಗಿಯುತ್ತವೆ: ಉಡುಪಿಯಲ್ಲಿ, ಕಾರ್ಕಳದಲ್ಲಿ, ಮಂಗಳೂರಿನಲ್ಲಿ. ಇಲ್ಲಿ ಕಾಣದ ಅಕ್ಷರದ ಅಗತ್ಯವೇ ಬೀಳದು. ಮುಂಬಯಿಯ ಸ್ಟೇಷನ್ನುಗಳು ಹಾಗಲ್ಲ: ಸಯನ್, ದಾದರ್, ಮುಲುಂಡ್, ಚೆಂಬೂರ್. ವಲಸೆ ಬಂದವನ ಕನ್ನಡಕ್ಕೇ ಆ ಕೀಲಿ ಹೆಚ್ಚು ಬೇಕು. ಆದರೆ ವ್ಯಂಜನಕ್ಕೆ ಮುಗಿಯುವ ಪದ ಕನ್ನಡಕ್ಕೆ ಹೊಸದಲ್ಲ. ಪಂಪನ ಕಾಲದ, 10ನೇ ಶತಮಾನದ ಕನ್ನಡದಲ್ಲಿ ಊರ್, ಪಾಲ್, ಕಣ್ ಎಂದೇ ಇದ್ದವು. ಮುಂದೆ ಊರು, ಹಾಲು, ಕಣ್ಣು ಆದವು. ಕಣ್ ಎಂಬಲ್ಲಿ ಹ್ರಸ್ವದ ಮುಂದಿನ ವ್ಯಂಜನ ಇಮ್ಮಡಿಯಾಯಿತು, ಊರ್ ಎಂಬಲ್ಲಿ ದೀರ್ಘವಿದ್ದುದರಿಂದ ಆಗಲಿಲ್ಲ. ಬಸ್ ಬಂದಾಗ ಬಸ್ಸು, ಕಾರ್ ಬಂದಾಗ ಕಾರು ಆದದ್ದೂ ಇದೇ ಜಾಡಿನಲ್ಲಿ. 1969ರಲ್ಲಿ ದಾದರಿನಲ್ಲಿ ಇಳಿದು ಸಯನ್ನಿಗೆ ಬಂದ ಹುಡುಗಿ ಆ ಜಾಡನ್ನು ಜೊತೆಗೇ ತಂದಿದ್ದಳು. ಮರಾಠಿಯಲ್ಲಿ ಈ ಸ್ಟೇಷನ್ನಿನ ಹೆಸರು ಶೀವ್, ಅಂದರೆ ಗಡಿ. ಇಂಗ್ಲಿಷರ ಮುಂಬಯಿ ಮುಗಿದು ಪೋರ್ಚುಗೀಸರ ಸಾಷ್ಟಿ ಶುರುವಾಗುತ್ತಿದ್ದ ಜಾಗ. ಅವರ ಬಾಯಲ್ಲಿ ಅದು ಸಯನ್ ಆಯಿತು, ಅಮ್ಮನ ಬಾಯಲ್ಲಿ ಸಯನ್ನು.

ಹಾಗೆಂದು ನನಗೆ ಕೀಲಿ ಬೇಡ ಎಂದಲ್ಲ. ‘ಸಾಫ್ಟ್‌ವೇರ್’ಗೆ ಅಮ್ಮನ ದಾರಿ ಒದಗುವುದಿಲ್ಲ. ಈಗ ಎಡಗೈಯ ಕಿರುಬೆರಳು ಕಂಟ್ರೋಲ್ ಮೇಲೆ, ಉಂಗುರಬೆರಳು ಶಿಫ್ಟ್ ಮೇಲೆ ಇಟ್ಟು, ಬಲಗೈಯನ್ನು ಅಡ್ಡ ತಂದು ಎರಡನ್ನು ಒತ್ತುತ್ತೇನೆ. ನೋಡುವವರಿಗೆ ಹಾರ್ಮೋನಿಯಂ ತಪ್ಪಾಗಿ ನುಡಿಸುವವನಂತೆ ಕಾಣುತ್ತೇನೆ ಎಂದು ಮಗಳ ಅಭಿಪ್ರಾಯ. ಎರಡನೆಯ ಟಿಕೆಟ್ ಹಾಕಿದ್ದೇನೆ. ಈ ಸಲ ಕಾರಣದ ಕಾಲಂನಲ್ಲಿ ಮೂರು ಪ್ಯಾರಾ ಇದೆ. ಅಮ್ಮನ ಹಳೆಯ ಪುಟಗಳಲ್ಲಿ ‘ಸಯನ್‌ಗೆ’ ಇದ್ದಲ್ಲೆಲ್ಲ ‘ಸಯನ್ನಿಗೆ’ ಎಂದು ಒಂದೊಂದಾಗಿ ವಾಪಸ್ ಮಾಡುತ್ತಿದ್ದೇನೆ, 1974ರವರೆಗೆ ಬಂದಿದ್ದೇನೆ. ಈ ಲೇಖನದಲ್ಲಿ ಎರಡೂ ರೂಪ ಇವೆ. ಸಂಪಾದಕರು ಒಂದಕ್ಕೆ ಇಳಿಸದೆ ಹಾಗೇ ಬಿಡಬೇಕಾಗಿ ವಿನಂತಿ.