ಮುಧೋಳದ ಸಂತೆಯಲ್ಲಿ ಗಲ್ಲು

ಸರ್ಕಾರದ ವಿರುದ್ಧ ಆಯುಧ ಹಿಡಿದವರಿಗೆ ನಾಲ್ಕು ಜನರ ಎದುರು ಛೀಮಾರಿ ಹಾಕಿದರೆ ಅವರ ದಾರಿ ಹಿಡಿಯುವವರು ಕಡಿಮೆಯಾಗ್ತಾರೋ, ಅವರ ಹೆಸರೇ ಇನ್ನಷ್ಟು ದೊಡ್ಡದಾಗ್ತದೋ? ಈ ಮಾತು ಬಂದಾಗಲೆಲ್ಲ ನನಗೆ ನಮ್ಮ ಮುಧೋಳ ತಾಲ್ಲೂಕಿನ ಹಲಗಲಿ ನೆನಪಾಗ್ತದೆ.

ಕಥೆ ಬಹಳ ಜನಕ್ಕೆ ಗೊತ್ತು. 1857ರಲ್ಲಿ ಉತ್ತರದಲ್ಲಿ ದಂಗೆಯಾದ ಮೇಲೆ ಇಂಗ್ಲಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ತಂದರು. ಪರವಾನಗಿ ಇಲ್ಲದೆ ಕತ್ತಿ, ಕೋವಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯಾಡಿ ಬದುಕುವ ಬೇಡರಿಗೆ ಇದು ಹೊಟ್ಟೆಯ ಮೇಲೆ ಹೊಡೆದ ಹಾಗೆ, ಮಾನ ಕಳೆದ ಹಾಗೆ. ಹಲಗಲಿಯವರು ಒಪ್ಪಲಿಲ್ಲ. ಆಯುಧ ಕೇಳಲು ಬಂದ ಕಾರಕೂನನಿಗೆ ಕಪಾಳಕ್ಕೆ ಬಿತ್ತು ಅಂತ ಲಾವಣಿ ಹೇಳ್ತದೆ. ನವೆಂಬರ್ ಕೊನೆಗೆ ಮಾಲ್ಕಮ್‌ನ ದಂಡು ರಾತ್ರಿ ಬಂದು ಊರು ಮುತ್ತಿತು, ಬೆಂಕಿ ಹಚ್ಚಿತು. ಡಿಸೆಂಬರ್ 11ರಂದು ಮುಧೋಳದ ಸಂತೆಯ ದಿನ 13 ಜನಕ್ಕೆ, 14ರಂದು ಹಲಗಲಿಯಲ್ಲೇ 6 ಜನಕ್ಕೆ ಗಲ್ಲಾಯಿತು.

ಸಂತೆಯ ದಿನವನ್ನೇ ಯಾಕೆ ಆರಿಸಿದರು ಅಂತ ಬಿಡಿಸಿ ಹೇಳಬೇಕಿಲ್ಲ. ಸುತ್ತಲಿನ ಹಳ್ಳಿಯವರೆಲ್ಲ ನೋಡಬೇಕು, ನೋಡಿ ಊರೂರಿಗೆ ಹೋಗಿ ಹೇಳಬೇಕು. ಅವರು ಹೇಳಿದ್ದೂ ನಿಜ. ಆದರೆ ಏನು ಹೇಳಿದರು?

ಕುರ್ತಕೋಟಿಯ ಕಲ್ಮೇಶ ಕಟ್ಟಿದ ಲಾವಣಿ ಕೇಳಿ. ಸರ್ಕಾರ 'ಬಂಡುಕೋರರು' ಅಂದವರು ಅಲ್ಲಿ ಹನುಮ, ಬಾಲ, ಜಡಗ, ರಾಮ ಆಗಿದ್ದಾರೆ, ಹೆಸರುಳ್ಳ ಮನುಷ್ಯರು. ದಂಡಿನವರು ಊರಿನಿಂದ ಉಪ್ಪು, ಎಣ್ಣೆ, ಬೆಲ್ಲವನ್ನೂ ಬಿಡದೆ ದೋಚಿದ್ದರ ಪಟ್ಟಿಯೇ ಇದೆ ಅದರಲ್ಲಿ! ಗಲ್ಲಿನ ಕಂಬಕ್ಕಿಂತ ಈ ಬೆಲ್ಲದ ಲೆಕ್ಕವೇ ಜನರ ಮನಸ್ಸಿನಲ್ಲಿ ನಿಂತಿತು ಅಂತ ನನಗನಿಸ್ತದೆ.

ಹಾಗಂತ ಆ ಶಿಕ್ಷೆಯಿಂದ ಏನೂ ಆಗಲಿಲ್ಲ ಅನ್ನುವುದು ಸುಳ್ಳು. ಹಲಗಲಿಯ ಬೆನ್ನು ಮುರಿಯಿತು. ಆದರೆ ಸೀಮೆ ತಣ್ಣಗಾಗಲಿಲ್ಲ. ಆರು ತಿಂಗಳೊಳಗೆ, 1858ರ ಮೇ ಕೊನೆಗೆ ನರಗುಂದದ ಬಾಬಾಸಾಹೇಬ ಎದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಕಡಿದು ನರಗುಂದದಲ್ಲಿ ತೂಗುಹಾಕಿದರು. (ಬಾಬಾಸಾಹೇಬನ ಸಿಟ್ಟಿಗೆ ದತ್ತು ನಿರಾಕರಿಸಿದ್ದೂ ಕಾರಣ, ಎಲ್ಲವನ್ನೂ ಹಲಗಲಿಯ ಲೆಕ್ಕಕ್ಕೆ ಬರೆಯಲಾಗದು.) ನಾಲ್ಕು ಜನರಿಗೆ ಕಾಣುವಂತೆ ತೂಗುಹಾಕುವುದನ್ನು ಎರಡೂ ಕಡೆಯವರು ಕಲಿತಿದ್ದರು.

ನನ್ನ ಲೆಕ್ಕ ಇಷ್ಟು. ಖಂಡಿಸುವ ಬಾಯಿ ಯಾರದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದೇ ಮುಧೋಳದ ಸಂತೆಯಲ್ಲಿ ಬೇಡರ ಹಿರಿಯನೊಬ್ಬ ನಿಂತು 'ಇದು ಬ್ಯಾಡ್ರಪ್ಪಾ' ಅಂದಿದ್ದರೆ ಹತ್ತು ಜನ ಕಿವಿಗೊಡ್ತಿದ್ದರೇನೋ. ಆಯುಧ ಕಿತ್ತುಕೊಂಡವನೇ ಬಂದು 'ಇವರು ಕೆಟ್ಟವರು' ಅಂದರೆ ಯಾರು ನಂಬಬೇಕು?

ಅಂದ ಹಾಗೆ, ಈ ಲಾವಣಿಯನ್ನು ಬರೆದುಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್. ಮುಂಬೈ ಸರ್ಕಾರದ ಅಧಿಕಾರಿ, ನಮ್ಮ ಶಾಸನಗಳನ್ನು ಓದಿದ ಅದೇ ಫ್ಲೀಟ್. ಹಲಗಲಿ ಸುಟ್ಟು ಆಗ ಇನ್ನೂ ಸುಮಾರು ಮೂವತ್ತು ವರ್ಷ ಅಷ್ಟೇ.