ಕೃತಕ ದಂತಮೂಲ: ಡಿಜಿಟಲ್ ವಿಧಾನದ ಪರಿಚಯ

ಕಳೆದುಕೊಂಡ ಹಲ್ಲಿನ ಸ್ಥಾನದಲ್ಲಿ ದವಡೆಯ ಎಲುಬಿಗೆ ಟೈಟೇನಿಯಂ ತಿರುಪನ್ನು ಕೂರಿಸಿ, ಅದರ ಮೇಲೆ ಕೃತಕ ಹಲ್ಲು ಜೋಡಿಸುವುದೇ ಡೆಂಟಲ್ ಇಂಪ್ಲಾಂಟ್. ಸ್ವೀಡನ್ನಿನ ಬ್ರೊನೆಮಾರ್ಕ್ ಅವರು 1965ರಲ್ಲಿ ತಮ್ಮ ಮೊದಲ ರೋಗಿಗೆ ಇದನ್ನು ಅಳವಡಿಸಿದರು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಪರಿಸರದಲ್ಲಿಯೂ ಇಂದು ಡಿಜಿಟಲ್ ವಿಧಾನ ಲಭ್ಯವಿದೆ. ಸಿಬಿಸಿಟಿ ಸ್ಕ್ಯಾನ್ ಎಲುಬಿನ ದಪ್ಪವನ್ನೂ ಕೆಳದವಡೆಯ ನರದ ಹಾದಿಯನ್ನೂ ತೋರಿಸುತ್ತದೆ. ಬಾಯೊಳಗಿನ ಸ್ಕ್ಯಾನರ್ ಹಲ್ಲುಗಳ ಅಳತೆ ಪಡೆಯುತ್ತದೆ. ಇವೆರಡನ್ನೂ ಗಣಕದಲ್ಲಿ ಹೊಂದಿಸಿ ಮುದ್ರಿಸಿದ ಅಚ್ಚು, ತಿರುಪು ಇಳಿಯಬೇಕಾದ ಕೋನ ಮತ್ತು ಆಳವನ್ನು ನಿರ್ದೇಶಿಸುತ್ತದೆ.

ಆದರೆ ಎಲುಬು ತಿರುಪಿಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಗಣಕವು ಈ ಅವಧಿಯನ್ನು ಕಿರಿದಾಗಿಸದು. ಹತೋಟಿ ತಪ್ಪಿದ ಮಧುಮೇಹ, ಧೂಮಪಾನ, ವಸಡಿನ ರೋಗಗಳು ಬೆಸುಗೆಯನ್ನು ಕೆಡಿಸಬಲ್ಲವು. ಆದ್ದರಿಂದ ನಮ್ಮ ಹಿರಿಯರನ್ನು ಕರೆದೊಯ್ಯುವಾಗ ಬೆಲೆಗಿಂತ ಮೊದಲು ಅವರ ಆರೋಗ್ಯದ ವಿವರವನ್ನು ವೈದ್ಯರ ಮುಂದಿಡೋಣ. ಸಂದೇಹವಿದ್ದಲ್ಲಿ ನೆರೂಲ್, ಕಾಮೋಠೆಗಳ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಎರಡನೆಯ ಅಭಿಪ್ರಾಯ ಕೇಳುವುದು ಲೇಸು.