ಲಾಳಿ ಹೋದರೂ ಉಳಿದ ಷಟಲ್

ಮಹಾರಾಷ್ಟ್ರದ ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ತಂದವರು ವಿಠ್ಠಲರಾವ್ ದಾತಾರ್. ಬೆಂಬಲಕ್ಕೆ ನಿಂತವರು ಅಲ್ಲಿನ ಜಹಗೀರುದಾರ ನಾರಾಯಣರಾವ್ ಘೋರ್ಪಡೆ. ಯಂತ್ರದ ಬೆನ್ನಿಗೇ ಬೀಮ್, ಸೈಜಿಂಗ್, ಷಟಲ್ ಎಂಬ ಇಂಗ್ಲಿಷ್ ಮಾತುಗಳೂ ಬಂದು ಮರಾಠಿ, ಕನ್ನಡ ಎರಡರಲ್ಲೂ ನೆಲೆಸಿದವು.

ಮರಾಠಿಯ ಧೋಟಾ, ಕನ್ನಡದ ಲಾಳಿಯೇ ಈ ಷಟಲ್. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಎಸೆಯುವ ಈಟಿ, ಬಾಣ ಎಂಬ ಅರ್ಥವಿತ್ತು. ಗುಂಡು ಹಾರಿಸುವುದಕ್ಕೆ ಹೇಳುವ ‘ಷೂಟ್’ ಇದರ ಒಡಹುಟ್ಟು. ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಹೊತ್ತು ಈ ತುದಿಯಿಂದ ಆ ತುದಿಗೆ ಚಿಮ್ಮುವ ಲಾಳಿಗೆ ನೇಕಾರರು ಆ ಹೆಸರನ್ನೇ ಕೊಟ್ಟರು. ಬಾಣ ಬಿಟ್ಟರೆ ಹೋಯಿತು, ಲಾಳಿ ಹಾಗಲ್ಲ. ಹೋದಷ್ಟೇ ಸಲ ಮರಳಬೇಕು. ಶಬ್ದದ ಅರ್ಥ ತಿರುಗಿದ್ದು ಇಲ್ಲಿಯೇ. ಎರಡು ನಿಲ್ದಾಣಗಳ ನಡುವೆ ಓಡಾಡುವ ಷಟಲ್ ರೈಲು, ಬ್ಯಾಡ್ಮಿಂಟನ್ನಿನ ಷಟಲ್ ಕಾಕ್, 1981ರಲ್ಲಿ ಮೊದಲು ಹಾರಿ ಮರಳಿದ ಅಮೆರಿಕದ ಸ್ಪೇಸ್ ಷಟಲ್ ಎಲ್ಲಕ್ಕೂ ಈ ಹೋಗಿಬರುವ ಗುಣ ಬಂದದ್ದು ಮಗ್ಗದಿಂದ. ಯುದ್ಧದ ಶಬ್ದವೊಂದನ್ನು ನೇಕಾರರು ಹೀಗೆ ಪಳಗಿಸಿದ್ದು ಸಣ್ಣ ಸಾಧನೆಯಲ್ಲ.

ಮಗ್ಗದ ಶಬ್ದ ಹೀಗೆ ಬೇರೆಡೆಗೆ ಹರಡುವುದು ಕನ್ನಡಿಗರಿಗೆ ಹೊಸದೇನಲ್ಲ. ಬದುಕಿನಲ್ಲಿ ಬೆರೆತುಹೋದದ್ದನ್ನು ‘ಹಾಸುಹೊಕ್ಕು’ ಎನ್ನುವಾಗ ನಮ್ಮ ಬಾಯಲ್ಲಿರುವುದೂ ಮಗ್ಗದ ಮಾತೇ.

‘ಲೂಮ್’ನ ದಾರಿ ಬೇರೆ. ಮೊದಲು ಅದಕ್ಕೆ ಯಾವುದೇ ಉಪಕರಣ ಎಂಬ ಅರ್ಥವಿತ್ತು. ಬರಬರುತ್ತ ಮಗ್ಗವೊಂದಕ್ಕೇ ಸೀಮಿತವಾಯಿತು. ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಒಡವೆ, ವಸ್ತುಗಳನ್ನು ಇಂಗ್ಲಿಷಿನವರು ‘ಏರ್‌ಲೂಮ್’ ಎನ್ನುತ್ತಾರೆ. ವಾರಸುದಾರನಿಗೆ ಸೇರುವ ಉಪಕರಣ ಎಂಬ ಹಳೆಯ ಅರ್ಥ ಅಲ್ಲಿ ಇನ್ನೂ ಉಸಿರಾಡುತ್ತಿದೆ. ಬಟ್ಟೆಗಳ ಹೆಸರಿನಲ್ಲಿ ಊರುಗಳೂ ಅಡಗಿವೆ. ಇಚಲಕರಂಜಿಯಲ್ಲಿ ನೇಯುವ ಕೇಂಬ್ರಿಕ್ ಬಟ್ಟೆಯ ಹೆಸರಿನಲ್ಲಿ ಉತ್ತರ ಫ್ರಾನ್ಸಿನ ಕಾಂಬ್ರೇ ಪಟ್ಟಣವಿದೆ. ‘ಡಂಗರೀ’ ಎಂಬ ಒರಟು ಹತ್ತಿಬಟ್ಟೆಯ ಹೆಸರಿನಲ್ಲಿ ಮುಂಬಯಿಯ ಡೋಂಗ್ರಿ ಇದೆ.

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಗೆ ಪೇಟೆಂಟ್ ಪಡೆದ ಮೇಲೆ ನೇಯ್ಗೆಯ ವೇಗ ಹೆಚ್ಚಿತು. ಈಗ ಇಚಲಕರಂಜಿಯ ಹೊಸ ಕಾರ್ಖಾನೆಗಳಲ್ಲಿ ಲಾಳಿಯೇ ಇಲ್ಲದ ಮಗ್ಗಗಳು ಬಂದಿವೆ. ಕೆಲವು ಗಾಳಿಯ ಬಲದಿಂದ ನೂಲನ್ನು ದಾಟಿಸುತ್ತವೆ. ಇನ್ನು ಕೆಲವು ತೆಳ್ಳನೆಯ ಕಡ್ಡಿ ಅಥವಾ ಪಟ್ಟಿಯ ತುದಿಯಲ್ಲಿ ಅದನ್ನು ಹಿಡಿದು ಸಾಗಿಸುತ್ತವೆ. ಇವಕ್ಕೆ ‘ರೇಪಿಯರ್’ ಎಂದು ಹೆಸರು. ರೇಪಿಯರ್ ಎಂದರೆ ಯುರೋಪಿನವರು ಇರಿಯಲು ಬಳಸುತ್ತಿದ್ದ ಕಿರಿದಾದ ಉದ್ದ ಕತ್ತಿ. ಬಾಣ ಬಿಟ್ಟ ಜಾಗಕ್ಕೆ ಈಗ ಕತ್ತಿ ಬಂದಿದೆ, ಅದೂ ನೂಲು ಹೊರುವುದಕ್ಕೆ.